ಬಂದರಿನ ಅಕ್ಕಪಕ್ಕ ಇರೋರಿಗೇ ಯಾಕೆ ಜಾಸ್ತಿ ಕಾಯಿಲೆ? ಹೊಗೆ, ಧೂಳು ಕಡಿಮೆ ಮಾಡೋಕೆ ದಾರಿ ಇದೆಯಾ?

ಕಲಬುರಗಿಯವನಿಗೆ ಬಂದರಿನ ಉಸಾಬರಿ ಯಾಕೆ ಅನ್ನಬೇಡ್ರಿ. ತೊಗರಿ ಕಣಜ ಅಂತ ನಮಗೆ ಹೆಸರಿದ್ದರೂ ಇಲ್ಲಿನ ದಾಲ್ ಮಿಲ್‌ಗಳಿಗೆ ಮ್ಯಾನ್ಮಾರ್, ಆಫ್ರಿಕಾದ ತೊಗರಿಯೂ ಬರುತ್ತೆ, ಹಡಗಿನಿಂದ ಇಳಿದು ಲಾರಿಯಲ್ಲಿ. ನಾನು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲಾರಿ ಬುಕಿಂಗ್ ನೋಡೋನು.

ಬಂದರಿನ ಗೇಟಿನ ಮುಂದೆ ಸಾಲು ಎರಡು ಮಾರು ಸರಿಯುತ್ತೆ, ಮತ್ತೆ ನಿಲ್ಲುತ್ತೆ. ಎಂಜಿನ್ ಆರಿಸೋ ಹಾಗಿಲ್ಲ. ನಮ್ಮ ಡ್ರೈವರ್ ಒಬ್ಬ ಮೂಗಿಗೆ ಕಟ್ಟಿಕೊಂಡಿದ್ದ ಟವೆಲ್ ಬಿಚ್ಚಿ ತೋರಿಸಿದ, ಹೊಳ್ಳೆಗಳಿದ್ದ ಜಾಗದಲ್ಲಿ ಎರಡು ಕರಿ ಬೊಟ್ಟು. ಅವನು ಲೋಡ್ ಮಾಡಿಕೊಂಡು ಊರಿಗೆ ಬಂದುಬಿಡ್ತಾನೆ. ಆ ರಸ್ತೆಗೆ ಬಾಗಿಲು ಇರೋ ಮನೆಯ ಮಕ್ಕಳು ಎಲ್ಲಿಗೆ ಹೋಗಬೇಕು? ಬಾಡಿಗೆ ಅಗ್ಗ ಅಂತಲೇ ಹಮಾಲರು, ಕ್ಲೀನರುಗಳು ಅಲ್ಲಿ ಮನೆ ಮಾಡೋದು. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಹೇಳಿದೆ.

ಬೈಗುಳ ಮಾತ್ರ ಬರೀ ಲಾರಿಗೆ. ನಾವು ಹಾಕಿಸೋ ಬಿಎಸ್-6 (ದೇಶದ ಈಗಿನ ಹೊಗೆ ನಿಯಮದ) ಡೀಸೆಲ್‌ನಲ್ಲಿ ಹೊಗೆ ಕೆಡಿಸೋ ಗಂಧಕ 10 ಪಿಪಿಎಂ, ಅಂದ್ರೆ ಹತ್ತು ಲಕ್ಷಕ್ಕೆ ಹತ್ತು ಪಾಲು ಮೀರಬಾರದು. ಹಡಗಿನ ಎಣ್ಣೆಯ ಗಂಧಕದ ಮಿತಿಯನ್ನು 2020ರ ಜನವರಿಯಲ್ಲಿ ಶೇ 3.5ರಿಂದ 0.5ಕ್ಕೆ ಇಳಿಸಿದರು. ಅಂದ್ರೆ ಇನ್ನೂ 5,000 ಪಿಪಿಎಂ! ಹಡಗು ದಡಕ್ಕೆ ನಿಂತ ಮೇಲೂ ದೀಪ, ಪಂಪು, ಶೀತಲ ಕಂಟೇನರ್‌ಗಳಿಗೆ ಕರೆಂಟು ಬೇಕಲ್ಲ, ಅದಕ್ಕೆ ಒಳಗಿನ ಎಂಜಿನ್ ಓಡ್ತಾನೇ ಇರುತ್ತೆ. ದಡದಿಂದಲೇ ಕರೆಂಟು ಕೊಟ್ಟರೆ ಅದನ್ನು ಆರಿಸಬಹುದು.

ಅಮೆರಿಕದ ಲಾಸ್ ಏಂಜಲೀಸ್, ಲಾಂಗ್ ಬೀಚ್ ಬಂದರುಗಳು 2006ರಲ್ಲಿ ಒಟ್ಟಿಗೆ ಯೋಜನೆ ಹಾಕಿ ಇದನ್ನು ಮಾಡಿದವು. 2008ರ ಅಕ್ಟೋಬರ್‌ನಿಂದ 1989ಕ್ಕಿಂತ ಹಳೇ ಲಾರಿಗಳಿಗೆ ಗೇಟು ಬಂದ್. 2005ಕ್ಕೆ ಹೋಲಿಸಿದರೆ ಡೀಸೆಲ್ ಮಸಿ ಶೇ 80ಕ್ಕೂ ಹೆಚ್ಚು ಇಳಿದಿದೆ. ಆದ್ರೆ ಹೊಸ ಲಾರಿಯ ಕಂತು ಎಷ್ಟೋ ಡ್ರೈವರ್‌ಗಳ ತಲೆಗೇ ಬಿತ್ತು. ಇಲ್ಲೂ ಹಾಗೆ ಮಾಡೋದಾದ್ರೆ ಆ ಖರ್ಚನ್ನು ಸರಕಿನವರು, ಬಂದರಿನವರು ಹೊರಬೇಕು.

ನಮ್ಮ ದೇಶದ ಉದಾಹರಣೆ ನೋಡ್ರಿ. ಧೂಳಿನ ಕಾರಣಕ್ಕೆ ಮದ್ರಾಸ್ ಹೈಕೋರ್ಟ್ ಆದೇಶ ಕೊಟ್ಟು, 2011ರಲ್ಲಿ ಚೆನ್ನೈ ಬಂದರಿನಲ್ಲಿ ಕಲ್ಲಿದ್ದಲು, ಕಬ್ಬಿಣದ ಅದಿರು ಇಳಿಸೋದು, ಏರಿಸೋದು ನಿಂತಿತು. ಉತ್ತರ ಚೆನ್ನೈನವರು ನೆಮ್ಮದಿಯ ಉಸಿರು ಬಿಟ್ಟರು. ಆದ್ರೆ ಕಲ್ಲಿದ್ದಲು ಚೆನ್ನೈನ ಉತ್ತರಕ್ಕಿರೋ ಎಣ್ಣೂರಿನ ಬಂದರಿಗೆ ಹೋಯಿತು. ಅಲ್ಲಿ ಮೊದಲೇ ವಿದ್ಯುತ್ ಸ್ಥಾವರಗಳ ಬೂದಿ ತಿಂತಿದ್ದ ಮೀನುಗಾರರ ಊರುಗಳಿವೆ. ನನ್ನ ಲೆಕ್ಕದಲ್ಲಿ ಇದು ಅರ್ಧ ಪರಿಹಾರವೂ ಅಲ್ಲ.

ನೀವು ಬಂದರಿನ ಹತ್ತಿರದವರಾದ್ರೆ ಒಂದು ಮಾತು. ವಿಸ್ತರಣೆಗೆ ಪರಿಸರ ಅನುಮತಿ ಬೇಕಾದಾಗ ಸಾಮಾನ್ಯವಾಗಿ ಸಾರ್ವಜನಿಕ ಅಹವಾಲು ಸಭೆ ಇರುತ್ತೆ, ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು. ಪರಿಸರ ಪರಿಣಾಮದ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು, ಓದಿಕೊಂಡು ಹೋಗ್ರಿ. ಬಂದರಿನವರು ಆರೋಗ್ಯ ಶಿಬಿರ ಮಾಡಿಸ್ತೀವಿ ಅಂತಾರೆ, ಬೇಡ ಅನ್ನಬೇಡ್ರಿ. ಜೊತೆಗೆ ಮೂರು ಕೇಳ್ರಿ: ಗಾಳಿ ಅಳೆಯೋ ಯಂತ್ರ ಮನೆಗಳ ಸಾಲಿನಲ್ಲಿ ಇಡ್ತೀರಾ, ಯಾವ ವರ್ಷದೊಳಗೆ ಹಡಗಿಗೆ ದಡದ ಕರೆಂಟು, ಲಾರಿ ನಿಲ್ಲೋಕೆ ಊರ ಹೊರಗೆ ಯಾರ್ಡ್ ಎಲ್ಲಿ. ಉತ್ತರ ಬಾಯಿಮಾತಿಗೆ ಬಿಡದೆ ನಡಾವಳಿಯಲ್ಲಿ ಬರೆಸ್ರಿ.