ಒಸಾಕಾ, 1985: ಗೆದ್ದದ್ದು ಖಳನಾಯಕಿ, ಆದರೂ ಆ ಪಂದ್ಯವನ್ನು ಯಾಕೆ ಇಷ್ಟು ಮೆಚ್ಚುತ್ತಾರೆ?

ನಿಮ್ಮ ಪ್ರಶ್ನೆ ಇದು: "1985ರ ಡಂಪ್ ಮಾತ್ಸುಮೊತೊ – ಚಿಗುಸಾ ನಗಾಯೊ ರೆಸ್ಲಿಂಗ್ ಪಂದ್ಯದ ವಿಡಿಯೊ ನೋಡಿದೆ. ಅರ್ಧ ಹೊತ್ತು ಬರೀ ಚೈನು, ರಕ್ತ. ಒಳ್ಳೆ ಪಟ್ಟುಗಳೇ ಇಲ್ಲ. ಕೊನೆಗೆ ಗೆದ್ದದ್ದೂ ಖಳನಾಯಕಿ ಡಂಪ್. ನೋಡಲು ಬಂದ ಹುಡುಗಿಯರು ಬಿಕ್ಕಿ ಬಿಕ್ಕಿ ಅಳುತ್ತಿದ್ದಾರೆ. ಎಲ್ಲಾ ಮೊದಲೇ ತೀರ್ಮಾನ ಆದದ್ದು ತಾನೇ? ಅಭಿಮಾನಿಗಳು ಇದನ್ನು ಇಷ್ಟೊಂದು ಯಾಕೆ ಹೊಗಳುತ್ತಾರೆ?"

ಅರ್ಧ ನಿಮ್ಮ ಮಾತು ಸರಿ. ಪಟ್ಟುಗಳ ಲೆಕ್ಕ ಹಾಕಿದರೆ ಇದು ಜಪಾನಿನ ಮಹಿಳಾ ರೆಸ್ಲಿಂಗಿನ ಅತ್ಯುತ್ತಮ ಪಂದ್ಯ ಅಲ್ಲ. ಅದಕ್ಕೆ ನೀವು 1990ರ ದಶಕಕ್ಕೆ ಹೋಗಬೇಕು. ಆದರೆ ನೀವು ನೋಡಿದ್ದು ರಿಂಗ್ ಒಳಗಿನ ಇಬ್ಬರನ್ನು ಮಾತ್ರ ಅನಿಸುತ್ತದೆ. ಈ ಪಂದ್ಯದ ದೊಡ್ಡ ಪಾತ್ರಧಾರಿಗಳು ಕುರ್ಚಿಗಳಲ್ಲಿ ಕೂತಿದ್ದರು. ಸರಿಯಾಗಿ ಹೇಳಬೇಕೆಂದರೆ ಕೂತಿರಲಿಲ್ಲ, ಎದ್ದು ನಿಂತು ಗಂಟಲು ಹರಿಯುವಂತೆ ಕಿರುಚುತ್ತಿದ್ದರು.

ಸ್ವಲ್ಪ ಹಿನ್ನೆಲೆ ಹೇಳದಿದ್ದರೆ ಅರ್ಥವಾಗುವುದಿಲ್ಲ.

ಆಲ್ ಜಪಾನ್ ವಿಮೆನ್ಸ್ ಪ್ರೊ ರೆಸ್ಲಿಂಗ್ ಎಂಬ ಕಂಪನಿಯನ್ನು ಮಾತ್ಸುನಾಗಾ ಸಹೋದರರು 1968ರಲ್ಲಿ ಶುರು ಮಾಡಿದರು. ಜಪಾನಿನಲ್ಲಿ ಅದನ್ನು ಚುಟುಕಾಗಿ ಜೆನ್ಜೊ ಎನ್ನುತ್ತಾರೆ. ಮೊದಮೊದಲು ನೋಡಲು ಬರುತ್ತಿದ್ದವರು ಜಾಸ್ತಿ ಗಂಡಸರೇ. 1976ರಲ್ಲಿ ಜಾಕಿ ಸಾತೊ ಮತ್ತು ಮಾಕಿ ಉಯೆದಾ ಸೇರಿ ಬ್ಯೂಟಿ ಪೇರ್ ಎಂಬ ಜೋಡಿ ಆಯಿತು. ಅವರು ಕುಸ್ತಿ ಆಡುತ್ತಿದ್ದರು, ರಿಂಗ್ ಒಳಗೇ ನಿಂತು ಹಾಡುತ್ತಲೂ ಇದ್ದರು. ಅಲ್ಲಿಂದ ಪ್ರೇಕ್ಷಕರೇ ಬದಲಾಗಿ ಹೋದರು. ಶಾಲೆಗೆ ಹೋಗುವ ಹುಡುಗಿಯರು ಗುಂಪು ಗುಂಪಾಗಿ ಬರತೊಡಗಿದರು. ಹೆಂಗಸರೇ ಗಂಡಸರ ಪಾತ್ರ ಹಾಕುವ ತಕರಾಜುಕಾ ರಂಗತಂಡದ ಹಿಂದೆ ಅಲ್ಲಿನ ಹುಡುಗಿಯರು ಮುಗಿಬೀಳುತ್ತಾರಲ್ಲ, ಹೆಚ್ಚುಕಡಿಮೆ ಅದೇ ಬಗೆಯ ಹುಚ್ಚು.

ಆಗ ಆ ಗುಂಪಿನಲ್ಲಿ ಕೂತು ಜಾಕಿ ಸಾತೊಗೆ ಕೈ ಬೀಸುತ್ತಿದ್ದ ಒಬ್ಬ ಹುಡುಗಿಯ ಹೆಸರು ಕಾವೊರು ಮಾತ್ಸುಮೊತೊ. ಸೈತಾಮಾ ಕಡೆಯ ಬಡ ಮನೆಯವಳು. ಅವಳೇ ಮುಂದೆ ಡಂಪ್ ಮಾತ್ಸುಮೊತೊ ಆದಳು.

ಚಿಗುಸಾ ನಗಾಯೊ ನಾಗಾಸಾಕಿ ಪ್ರಾಂತ್ಯದ ಒಮುರಾದವಳು. ಚಿಕ್ಕಂದಿನಿಂದ ಕರಾಟೆ ಕಲಿತವಳು. ಇವರಿಬ್ಬರೂ, ಲಯನೆಸ್ ಅಸುಕಾ ಕೂಡ, ಜೆನ್ಜೊ ಸೇರಿದ್ದು ಒಂದೇ ವರ್ಷ, 1980ರಲ್ಲಿ. ಒಂದೇ ಬ್ಯಾಚ್. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಹೊಸಬರಿಗೆ ಮೂರು ಕಟ್ಟುನಿಟ್ಟು ಇತ್ತು: ಕುಡಿಯಬಾರದು, ಸಿಗರೇಟು ಸೇದಬಾರದು, ಹುಡುಗರ ಸಹವಾಸ ಕೂಡದು. ವಯಸ್ಸು 25 ಮುಟ್ಟುವಷ್ಟರಲ್ಲಿ ಜಾಗ ಖಾಲಿ ಮಾಡಬೇಕು ಎಂಬ ಅಲಿಖಿತ ನಿಯಮವೂ ಇತ್ತು. ಕಂಪನಿ ಈ ಹುಡುಗಿಯರನ್ನು ಹೇಗೆ ದುಡಿಸಿಕೊಂಡಿತು ಎಂಬುದೇ ಒಂದು ದೊಡ್ಡ ಕಥೆ. ಹೊಗಳುವಂಥದ್ದೇನೂ ಅಲ್ಲ.

1983ರಲ್ಲಿ ಚಿಗುಸಾ ಮತ್ತು ಅಸುಕಾ ಸೇರಿ ಕ್ರಶ್ ಗ್ಯಾಲ್ಸ್ ಎಂಬ ಜೋಡಿ ಆಯಿತು. 1984ರಲ್ಲಿ ಅವರ ಹಾಡಿನ ರೆಕಾರ್ಡ್ ಬಂತು, ಅದೇ ವರ್ಷ ಟ್ಯಾಗ್ ಪ್ರಶಸ್ತಿಯೂ, ಅಂದರೆ ಜೋಡಿಯಾಗಿ ಆಡುವವರ ಪ್ರಶಸ್ತಿಯೂ ಬಂತು. ಫುಜಿ ಟಿವಿಯಲ್ಲಿ ಅವರ ಪಂದ್ಯಗಳು ಬರುತ್ತಿದ್ದವು. ಆ ಜನಪ್ರಿಯತೆ ಎಂಥದ್ದು ಎಂದು ನಮಗೆ ಊಹಿಸುವುದು ಸ್ವಲ್ಪ ಕಷ್ಟ. ನಮ್ಮಲ್ಲಿ ಡಬ್ಲ್ಯೂಡಬ್ಲ್ಯೂಎಫ್ ಕಾರ್ಡ್ ಆಡಿಕೊಂಡು ಬೆಳೆದವರಿಗೆ ರೆಸ್ಲಿಂಗ್ ಎಂದರೆ ಹುಡುಗರ ಲೋಕ. ಅಲ್ಲಿ ಆ ಕಾಲದಲ್ಲಿ ಸಾವಿರಾರು ಹುಡುಗಿಯರು ಹಾಲ್ ತುಂಬಿ, ಬಣ್ಣದ ಪೇಪರ್ ಟೇಪು ಎಸೆದು, ತಮ್ಮ ನಾಯಕಿಯ ಹೆಸರು ಕೂಗುತ್ತಿದ್ದರು.

ನಾಯಕಿಯರು ಇಷ್ಟು ಎತ್ತರಕ್ಕೆ ಹೋದ ಮೇಲೆ ಅಷ್ಟೇ ಗಟ್ಟಿಯಾದ ಖಳರು ಬೇಕಲ್ಲ? ಆ ಜಾಗಕ್ಕೆ ಬಂದವಳು ಡಂಪ್. ಬಂಗಾರದ ಬಣ್ಣ ಹಚ್ಚಿದ ಕೂದಲು, ಮುಖಕ್ಕೆಲ್ಲಾ ಬಣ್ಣ, ಚರ್ಮದ ಜಾಕೆಟ್, ಕೈಯಲ್ಲಿ ಬಿದಿರಿನ ಕತ್ತಿ ಇಲ್ಲವೇ ಚೈನು. ಅವಳ ಗುಂಪಿನ ಹೆಸರು ಗೊಕುಆಕು ದೋಮೆಯಿ, ಅಂದರೆ ಮಹಾದುಷ್ಟರ ಕೂಟ. ಕ್ರೇನ್ ಯು, ಆಮೇಲೆ ಬುಲ್ ನಕಾನೊ ಎಲ್ಲ ಅದರಲ್ಲಿದ್ದರು. ಅಬೆ ಶಿರೊ ಎಂಬ ರೆಫರಿ ಬೇರೆ ಇದ್ದ. ರೆಫರಿ ಹೆಸರಿಗೆ ಮಾತ್ರ, ಎಣಿಸುವುದೆಲ್ಲಾ ಡಂಪ್ ಪರವಾಗಿ. 1985ರ ಫೆಬ್ರವರಿಯಲ್ಲಿ ಡಂಪ್ ಮತ್ತು ಕ್ರೇನ್ ಯು ಸೇರಿ ಕ್ರಶ್ ಗ್ಯಾಲ್ಸ್ ಕೈಯಿಂದ ಟ್ಯಾಗ್ ಪ್ರಶಸ್ತಿ ಕಿತ್ತುಕೊಂಡರು. ಹುಡುಗಿಯರಿಗೆ ಉರಿದುಹೋಯಿತು.

ಇಷ್ಟೆಲ್ಲಾ ಆದ ಮೇಲೆ 1985ರ ಆಗಸ್ಟ್ 28, ಒಸಾಕಾ-ಜೋ ಹಾಲ್. ಡಂಪ್ ಎದುರು ಚಿಗುಸಾ. ಪಣ ಇದು: ಸೋತವಳ ತಲೆಗೂದಲು ಅಲ್ಲೇ, ರಿಂಗ್ ಮಧ್ಯೆ ಬೋಳಿಸುತ್ತಾರೆ. ಈ ಪಣದ ಪದ್ಧತಿ ಮೆಕ್ಸಿಕೊದ ರೆಸ್ಲಿಂಗಿನಲ್ಲಿ ಹಳೆಯದು. ಚಿಗುಸಾಗೆ ಆಗ 20 ವರ್ಷ, ಡಂಪ್‌ಗೆ 24.

ಈಗ "ಮೊದಲೇ ತೀರ್ಮಾನ ಆದದ್ದು ತಾನೇ" ಎಂಬ ನಿಮ್ಮ ಮಾತಿಗೆ ಬರೋಣ. ಯಕ್ಷಗಾನಕ್ಕೆ ಹೋದವರಿಗೆ ರಾಕ್ಷಸನ ಬಣ್ಣದ ವೇಷ ಕೊನೆಗೆ ಸಾಯುತ್ತದೆ ಎಂದು ಗೊತ್ತಿರುತ್ತದೆ, ಆದರೂ ಬೆಳಗಿನ ತನಕ ಕೂರುತ್ತಾರೆ. ಗೊತ್ತಿರುವುದಕ್ಕೂ ಮನಸ್ಸು ಕಲಕುವುದಕ್ಕೂ ಜಗಳ ಇಲ್ಲ. ಆದರೆ ಒಸಾಕಾದಲ್ಲಿ ಆದದ್ದು ಇದಕ್ಕೂ ಒಂದು ಹೆಜ್ಜೆ ಮುಂದೆ. ಅಲ್ಲಿ ಆ ರಾತ್ರಿ ಬಣ್ಣದ ವೇಷ ಸಾಯಲೇ ಇಲ್ಲ.

ಟಿವಿಯಲ್ಲಿ ಆ ಹುಡುಗಿಯರು ನೋಡಿ ನೋಡಿ ಒಂದು ಕ್ರಮಕ್ಕೆ ಒಗ್ಗಿಹೋಗಿದ್ದರು. ಮೊದಲು ಡಂಪ್ ಗುಂಪು ಮೋಸದಿಂದ ಹೊಡೆಯುತ್ತದೆ. ಚಿಗುಸಾ ಬೀಳುತ್ತಾಳೆ, ರಕ್ತ ಬರುತ್ತದೆ. ಹಾಲ್ ತುಂಬಾ ಅವಳ ಹೆಸರು ಕೂಗುತ್ತಾರೆ. ಆ ಕೂಗು ಕೇಳಿ ಅವಳು ಏಳುತ್ತಾಳೆ, ತಿರುಗಿ ಬಾರಿಸುತ್ತಾಳೆ. ಅಂದರೆ ಎಬ್ಬಿಸುವುದು ನಮ್ಮ ಕೆಲಸ ಎಂದು ಆ ಹುಡುಗಿಯರು ನಂಬಿದ್ದರು. ಸುಮ್ನೆ ನೋಡಿ ಹೋಗಲು ಬಂದವರಲ್ಲ ಅವರು, ಕೆಲಸದ ಮೇಲೆ ಬಂದವರು.

ಆ ದಿನವೂ ಶುರುವಿನಲ್ಲಿ ಎಲ್ಲಾ ಹಾಗೇ ನಡೆಯಿತು. ಚೈನು ಕುತ್ತಿಗೆಗೆ ಬಿತ್ತು, ಹಣೆ ಒಡೆಯಿತು, ಮುಖ ಕೆಂಪಾಯಿತು. ಕೂಗು ಎದ್ದಿತು. ಚಿಗುಸಾ ಎದ್ದಳು ಕೂಡ. ಎರಡು ಒದೆತ ಕೊಟ್ಟಳು ಎನ್ನುವಷ್ಟರಲ್ಲಿ ಮತ್ತೆ ಬಿದ್ದಳು. ಮತ್ತೆ ಕೂಗು, ಮತ್ತೆ ಎದ್ದಳು, ಮತ್ತೆ ಬಿದ್ದಳು. ಪ್ರತಿ ಸಲ ಏಳುವುದು ಸ್ವಲ್ಪ ತಡ, ನಿಲ್ಲುವುದು ಸ್ವಲ್ಪ ಕಡಿಮೆ. ನೀವು "ಪಟ್ಟುಗಳೇ ಇಲ್ಲ" ಎಂದಿರಲ್ಲ, ಆ ಪಂದ್ಯ ಕಟ್ಟಿರುವುದೇ ಈ ಏಳುಬೀಳಿನ ಮೇಲೆ. ಪೆಟ್ಟು ತಿನ್ನುವುದರಲ್ಲಿ ಚಿಗುಸಾಳನ್ನು ಮೀರಿಸಿದವರನ್ನು ನಾನು ಗಂಡಸರಲ್ಲೂ ನೋಡಿಲ್ಲ. ಒಂದು ಪೆಟ್ಟು ಬಿದ್ದರೆ ಮೂರು ನಿಮಿಷದ ನಂತರವೂ ಅದರ ನೋವು ಅವಳ ನಡಿಗೆಯಲ್ಲಿ ಇರುತ್ತದೆ.

ಮುಗಿದ ಬಗೆ ನೋಡಿ. ಚಿತ್ ಮಾಡಿ ಮೂರು ಎಣಿಸಿ ಮುಗಿಸಲಿಲ್ಲ. ಬಿದ್ದವಳು ಏಳಲಾಗದೆ ಹತ್ತರ ಎಣಿಕೆಗೆ ಸೋತಳು. ನನ್ನ ಪ್ರಕಾರ ಇಡೀ ಪಂದ್ಯದ ಜಾಣತನ ಇರುವುದು ಇಲ್ಲೇ. ಮೂರು ಎಣಿಸುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ, ಪ್ರೇಕ್ಷಕರಿಗೆ ಏನೂ ಮಾಡಲು ಸಮಯವಿಲ್ಲ. ಹತ್ತು ಎಣಿಸುವಾಗ ಸಮಯ ಇದೆ. ಒಂದೊಂದು ಅಂಕಿಗೂ ಅವರು ಕೂಗಬಹುದು. ಕೂಗಿದರು. ಅವಳು ಏಳಲಿಲ್ಲ. ಅಲ್ಲಿಯವರೆಗೆ ಪ್ರತಿ ಸಲ ಕೆಲಸ ಮಾಡುತ್ತಿದ್ದ ಕೂಗು ಆ ದಿನ ಕೆಲಸ ಮಾಡಲಿಲ್ಲ. ಆ ಅಳು ಕೂದಲಿಗೆ ಮಾತ್ರ ಅಲ್ಲ ಎಂದು ನನಗೆ ಅನಿಸುವುದು ಇದಕ್ಕೇ. ಅವರೂ ಸೋತಿದ್ದರು.

ಆಮೇಲೆ ಕೂದಲು. ಇಲ್ಲಿ "ನಾಟಕ ತಾನೇ" ಎಂಬ ಮಾತು ನಿಲ್ಲುವುದಿಲ್ಲ. ಸೋಲು ಗೆಲುವು ಯಾರು ಬರೆದಿದ್ದರೂ ಕತ್ತರಿ ನಿಜ, ಬೋಳಾದ ತಲೆ ನಿಜ. ಮಾರನೇ ದಿನವೂ ಅವಳು ಆ ತಲೆಯಲ್ಲೇ ಊರೂರು ತಿರುಗಿ ಆಡಬೇಕು. ಡಂಪ್ ಗುಂಪು ರಕ್ತ ಸುರಿಯುತ್ತಿದ್ದ ಚಿಗುಸಾಳನ್ನು ಕುರ್ಚಿಯಲ್ಲಿ ಕೂರಿಸಿ ಕೂದಲು ಕತ್ತರಿಸುವಾಗ ಕ್ಯಾಮೆರಾ ಆಗಾಗ ಪ್ರೇಕ್ಷಕರ ಕಡೆ ತಿರುಗುತ್ತದೆ. ಹನ್ನೆರಡು, ಹದಿಮೂರು, ಹದಿನಾಲ್ಕು ವರ್ಷದ ಮುಖಗಳು. ಅಷ್ಟು ಚಿಕ್ಕ ಮಕ್ಕಳ ಮುಂದೆ ಇಷ್ಟು ರಕ್ತ ಹರಿಸಬೇಕಿತ್ತಾ? ಬೇಕಿರಲಿಲ್ಲ ಎನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ. ಮೆಚ್ಚುವವರಲ್ಲೂ ಎಷ್ಟೋ ಜನಕ್ಕೆ ಆ ಭಾಗ ನೋಡುವಾಗ ಮೈ ಹಿಂಡಿದಂತೆ ಆಗುತ್ತದೆ.

ಈ ಪಂದ್ಯದ ಬಗ್ಗೆ ಮಾತಾಡುವ ಹಳೆಯ ಅಭಿಮಾನಿಗಳನ್ನು ಗಮನಿಸಿದರೆ ಒಂದು ತಮಾಷೆ ಕಾಣುತ್ತದೆ. ಆಗ ಚಿಗುಸಾಗಾಗಿ ಅತ್ತವರೇ ಈಗ ಡಂಪ್ ಬಗ್ಗೆ ಜಾಸ್ತಿ ಮಾತಾಡುತ್ತಾರೆ. ನನಗೂ ಅಷ್ಟೆ. ಮೊದಲ ಸಲ ನೋಡುವಾಗ ಕಣ್ಣು ಚಿಗುಸಾ ಮೇಲೆ. ಆಮೇಲೆ ಮತ್ತೆ ನೋಡುವಾಗ ಡಂಪ್ ಏನು ಮಾಡುತ್ತಿದ್ದಾಳೆ ಎಂದು ಕಾಣತೊಡಗುತ್ತದೆ. ಎಲ್ಲಿ ನಿಲ್ಲಬೇಕು, ಯಾವಾಗ ಪ್ರೇಕ್ಷಕರ ಕಡೆ ತಿರುಗಿ ಗುರಾಯಿಸಬೇಕು, ಚಿಗುಸಾಗೆ ಉಸಿರಾಡಲು ಎಷ್ಟು ಹೊತ್ತು ಬಿಡಬೇಕು, ಎಲ್ಲಾ ಲೆಕ್ಕ ಅವಳದು. ಒಂದು ಗಳಿಗೆಯೂ "ನಾನು ನಿಜವಾಗಿ ಹೀಗಲ್ಲ ಕಣ್ರೇ" ಎಂಬ ಸುಳಿವು ಕೊಡುವುದಿಲ್ಲ. ರಿಂಗ್ ಹೊರಗೂ ಕೊಡಲಿಲ್ಲ. ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ: ಅವಳ ತಂದೆತಾಯಿ ಇದ್ದ ಮನೆಗೇ ಜನ ಕಲ್ಲು ಹೊಡೆದರು. ತನ್ನ ಜೊತೆ ಒಂದೇ ವರ್ಷ ಸೇರಿದ, ಒಟ್ಟಿಗೆ ಕಷ್ಟಪಟ್ಟ ಹುಡುಗಿಯನ್ನು ದೇವತೆ ಮಾಡಲು ಇವಳು ರಾಕ್ಷಸಿ ಆಗಿ ಉಳಿದಳು. ಹಾಗೆ ಉಳಿಯುವುದರಲ್ಲಿ ಅವಳಿಗೂ ಒಂದು ಗೆಲುವಿತ್ತು, ಅದು ಬೇರೆ ಮಾತು. ಸುಂದರಿಯರನ್ನೇ ಮೆರೆಸುವ ಕಡೆ, ದಪ್ಪ ಮೈಯ ಹುಡುಗಿ ಇಡೀ ದೇಶಕ್ಕೆ ಗೊತ್ತಾದಳು.

ಮುಂದಿನ ಕಥೆ ಚುಟುಕಾಗಿ. 1986ರ ನವೆಂಬರ್ 7, ಅದೇ ಹಾಲ್, ಅದೇ ಪಣ. ಈ ಸಲ ಚಿಗುಸಾ ಗೆದ್ದಳು, ಡಂಪ್ ತಲೆ ಬೋಳಾಯಿತು. ಮನಸ್ಸಿಗೆ ಸಮಾಧಾನ ಆಗುತ್ತದೆ, ಆದರೆ ಮೊದಲನೆಯದರ ಬಿಗಿ ಇದಕ್ಕಿಲ್ಲ. ಡಂಪ್ 1988ರ ಫೆಬ್ರವರಿಯಲ್ಲಿ ನಿವೃತ್ತಿಯಾದಳು. ಆ ದಿನ ಕ್ರಶ್ ಗ್ಯಾಲ್ಸ್ ಎದುರು ಆಡುತ್ತಾ ಆಡುತ್ತಾ ಜೋಡಿ ಅದಲುಬದಲು ಮಾಡಿಕೊಂಡರು. ಡಂಪ್ ಮತ್ತು ಚಿಗುಸಾ ಒಂದೇ ಕಡೆ ನಿಂತರು. ಒಂದೇ ಬ್ಯಾಚ್ ಎಂದು ಮೇಲೆ ಹೇಳಿದ್ದು ಇದಕ್ಕೇ. 1985ರದ್ದು ನೋಡಿ, ಅದು ಇಳಿದ ಮೇಲೆ ಈ ತುಣುಕು ನೋಡಿ. ಕಣ್ಣೀರು ಬಂದರೆ ನನ್ನನ್ನು ಬೈಯಬೇಡಿ.

ಚಿಗುಸಾ 1989ರಲ್ಲಿ ನಿವೃತ್ತಿಯಾಗಿ, ಕೆಲವು ವರ್ಷ ಬಿಟ್ಟು ಮರಳಿ ಬಂದು, 1995ರಲ್ಲಿ ಗೈಯಾ ಜಪಾನ್ ಎಂಬ ತನ್ನದೇ ಕಂಪನಿ ಕಟ್ಟಿದಳು. ಡಂಪ್ ಪಕ್ಕದಲ್ಲಿ ಅರ್ಧ ತಲೆ ಬೋಳಿಸಿಕೊಂಡು ನಿಲ್ಲುತ್ತಿದ್ದ ಬುಲ್ ನಕಾನೊ 2024ರಲ್ಲಿ ಡಬ್ಲ್ಯೂಡಬ್ಲ್ಯೂಇ ಹಾಲ್ ಆಫ್ ಫೇಮ್ ಸೇರಿದಳು. ಅದೇ ವರ್ಷ ಡಂಪ್ ಬದುಕಿನ ಮೇಲೆ ನೆಟ್‌ಫ್ಲಿಕ್ಸ್‌ನಲ್ಲಿ ಒಂದು ಸರಣಿಯೂ ಬಂತು. ಈಚೆಗೆ ಇಷ್ಟು ಜನ ಈ ಪಂದ್ಯ ಹುಡುಕಿಕೊಂಡು ಹೋಗಿ ನೋಡುತ್ತಿರುವುದಕ್ಕೆ ಅದೂ ಒಂದು ಕಾರಣ. ಸರಣಿ ಚೆನ್ನಾಗಿದೆ, ಆದರೆ ಅದನ್ನು ನೋಡಿದ್ದೇನೆ ಎಂದು ಮೂಲವನ್ನು ಬಿಡಬೇಡಿ.

ಇನ್ನೊಮ್ಮೆ ನೋಡುವ ಮನಸ್ಸಿದ್ದರೆ ಹೀಗೆ ಮಾಡಿ. ಫೋನಿನಲ್ಲಿ ಬೇಡ. ಹೆಡ್‌ಫೋನ್ ಹಾಕಿಕೊಳ್ಳಿ, ಮಧ್ಯೆ ಓಡಿಸಬೇಡಿ. ಜಪಾನಿ ಕಾಮೆಂಟರಿ ಅರ್ಥವಾಗದಿದ್ದರೂ ಪರವಾಗಿಲ್ಲ, ಪ್ರೇಕ್ಷಕರ ದನಿ ಎಲ್ಲಿ ಏರುತ್ತದೆ, ಎಲ್ಲಿ ಬಿರುಕು ಬಿಡುತ್ತದೆ ಎಂದು ಕೇಳುತ್ತಾ ಹೋಗಿ. ಹತ್ತರ ಎಣಿಕೆ ಬಂದಾಗ ರೆಫರಿಯನ್ನು ನೋಡಬೇಡಿ, ಹಿಂದಿನ ಕುರ್ಚಿಗಳನ್ನು ನೋಡಿ.

ಇಷ್ಟಾದ ಮೇಲೂ "ನನಗೆ ಪಟ್ಟುಗಳೇ ಮುಖ್ಯ" ಎಂದರೆ ತಪ್ಪೇನಿಲ್ಲ. 1993ರ ಏಪ್ರಿಲ್ 2ರಂದು ಯೊಕೊಹಾಮಾ ಅರೀನಾದಲ್ಲಿ ಅಕಿರಾ ಹೊಕುತೊ ಮತ್ತು ಶಿನೊಬು ಕಾಂದೊರಿ ಆಡಿದ ಪಂದ್ಯ ಹುಡುಕಿ. ಕಾಂದೊರಿ ನಿಜವಾದ ಜೂಡೊ ಪಟು. ಹೊಕುತೊ 1987ರಲ್ಲಿ ಕುತ್ತಿಗೆ ಮೂಳೆ ಮುರಿದುಕೊಂಡು, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡೇ ಪಂದ್ಯ ಮುಗಿಸಿದವಳು. ಅರ್ಧ ಗಂಟೆಯ ಮೇಲಿನ ಪಂದ್ಯ, ಅದರಲ್ಲೂ ರಕ್ತ ಇದೆ, ಆದರೆ ಪಟ್ಟುಗಳಿಗೆ ಬರ ಇಲ್ಲ. ಅದನ್ನು ನೋಡಿ ಏನನಿಸಿತು ಎಂದು ಕೆಳಗೆ ಬರೆಯಿರಿ. ಅದರ ಬಗ್ಗೆ ಹೇಳಲು ಇಷ್ಟೇ ಉದ್ದದ್ದು ನನ್ನ ಹತ್ತಿರ ಇದೆ.