ದೋಸೆಗಾದರೆ ಬನ್ನಿ
ಚಿತ್ರದುರ್ಗದಿಂದ ದಾವಣಗೆರೆಗೆ ಬಂದು ಆ ಕೊಲೆ ತನಿಖೆಯ ಚಿತ್ರ ನೋಡಬಹುದೇ ಎಂದು ಕೇಳಿದ್ದೀರಿ. ಬೇಡ. ಭಾನುವಾರ ನೋಡಿ ಬಂದೆ. ನಾಯಕ ಹೆಣದ ಮುಂದೆಯೂ ಮದುವೆ ಮನೆಯಲ್ಲಿಯೂ ಒಂದೇ ಮುಖ ಹೊತ್ತು ನಿಲ್ಲುತ್ತಾನೆ. ಅದನ್ನಾದರೂ ಸಹಿಸಬಹುದು, ಕಥೆ ನಿಂತಿರುವುದೇ ಠಾಣೆಯಲ್ಲಿ ಒದೆ ತಿಂದವನ ತಪ್ಪೊಪ್ಪಿಗೆಯ ಮೇಲೆ. ಪೊಲೀಸರ ಮುಂದೆ ಒಪ್ಪಿಕೊಂಡದ್ದನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯ ಕಾಲದಿಂದಲೂ ಹೀಗೆಯೇ. ಇಲ್ಲಿ ನ್ಯಾಯಾಧೀಶರು ಅದನ್ನೇ ಓದಿ ಗಲ್ಲು ವಿಧಿಸುತ್ತಾರೆ! ಕೊಲೆಗಾರ ಯಾರೆಂದು ಪಕ್ಕದ ಸೀಟಿನ ಅಜ್ಜಿ ವಿರಾಮಕ್ಕೆ ಮೊದಲೇ ಹೇಳಿಬಿಟ್ಟರು. ತನಿಖೆಯ ಕಥೆಯೇ ಬೇಕಿದ್ದರೆ 2019ರ ‘ಕವಲುದಾರಿ’ಯನ್ನು ಮನೆಯಲ್ಲಿಯೇ ನೋಡಿ, ನಿವೃತ್ತ ಪೊಲೀಸ್ ಅಧಿಕಾರಿಯಾಗಿ ಅನಂತ್ ನಾಗ್ ಸುಮ್ಮನೆ ಕುಳಿತಿದ್ದರೂ ಕಣ್ಣು ಅತ್ತಲೇ ಹೋಗುತ್ತದೆ. ದಾವಣಗೆರೆಗೆ ಬರುವುದಾದರೆ ಬೆಣ್ಣೆ ದೋಸೆಗೆ ಬನ್ನಿ.