ಫ್ರಿಜ್, ವಿಂಚ್, ಲೈಟ್ ಬಾರ್ ಹಾಕಿಸಿದ ಮೇಲೆ ಬ್ಯಾಟರಿ ಇಳಿದುಹೋಗುತ್ತಿದೆ, ದೊಡ್ಡ ಆಲ್ಟರ್ನೇಟರ್ ಹಾಕಿಸಬೇಕಾ?

ನಿಮ್ಮ ಆಫ್‌ರೋಡ್ ಗಾಡಿಗೆ ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಿಂದ ಎಳೆಯುವ ಮೋಟಾರ್), ಲೈಟ್ ಬಾರ್, ಫ್ರಿಜ್, ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಎಲ್ಲ ಹಾಕಿಸಿದ್ದೀರಿ. ರಾತ್ರಿ ಕ್ಯಾಂಪ್ ಮಾಡಿ ಬೆಳಿಗ್ಗೆ ಎದ್ದರೆ ಸೆಲ್ಫ್ ತಗೊಳ್ಳುತ್ತಿಲ್ಲ. ಕಂಪನಿಯಿಂದ ಬಂದ 100 ಆಂಪಿಯರ್ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಕರೆಂಟ್ ಉತ್ಪಾದಿಸಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ತೆಗೆದು ದೊಡ್ಡದು ಹಾಕಿಸಬೇಕಾ ಅಂತ ಕೇಳಿದ್ದೀರಿ.

ಬೇಡ. ಈಗಲೇ ಅಂತೂ ಬೇಡ. ನನ್ನ ಗಾಡಿಯಲ್ಲೂ ಇದೇ ತೊಂದರೆ ಸುಮಾರು ಒಂದು ವರ್ಷ ಕಾಡಿತ್ತು, ನಾನೂ ಮೊದಲು ಯೋಚಿಸಿದ್ದು ಆಲ್ಟರ್ನೇಟರ್ ಬಗ್ಗೆಯೇ. ಆದರೆ ರಾತ್ರಿ ಇಂಜಿನ್ ನಿಂತಿರುವಾಗ ಆಲ್ಟರ್ನೇಟರ್ 100 ಆಂಪಿಯರ್‌ದಾದರೇನು, 200 ಆಂಪಿಯರ್‌ದಾದರೇನು, ಅದು ಕೊಡುವುದು ಸೊನ್ನೆ. ನಿಮ್ಮ ತೊಂದರೆ ಶುರುವಾಗುವುದೇ ಇಂಜಿನ್ ಆಫ್ ಮಾಡಿದ ಮೇಲೆ, ಅಲ್ವಾ?

ಮೊದಲು ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿ. ಪ್ರತಿ ಸಾಮಾನಿನ ವ್ಯಾಟ್ಸ್ ಅನ್ನು ವೋಲ್ಟಿನಿಂದ (ಇಂಜಿನ್ ಓಡುವಾಗ ಸುಮಾರು 13.8) ಭಾಗಿಸಿದರೆ ಆಂಪಿಯರ್ ಬರುತ್ತದೆ. 180 ವ್ಯಾಟ್ಸ್ ಲೈಟ್ ಬಾರ್ ಅಂದರೆ 13 ಆಂಪಿಯರ್ ಆಸುಪಾಸು. ಫ್ರಿಜ್ಜಿನ ಕಂಪ್ರೆಸರ್ ಓಡುವಾಗ 4ರಿಂದ 5 ಆಂಪಿಯರ್. ಟೈರಿನ ಕಂಪ್ರೆಸರ್ 30 ಆಂಪಿಯರ್ ಎಳೆಯಬಹುದು, ದೊಡ್ಡದಾದರೆ 60ರ ತನಕ. ಆದರೆ ಇವನ್ನೆಲ್ಲ ಸುಮ್ನೆ ಕೂಡಿಸಿ ಗಾಬರಿಯಾಗಬೇಡಿ, ಏಕೆಂದರೆ ಯಾವುದು ಎಷ್ಟು ಹೊತ್ತು ಓಡುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಟೈರಿನ ಕಂಪ್ರೆಸರ್ ಕಾಲು ಗಂಟೆ ಓಡುತ್ತದೆ, ಅದೂ ಇಂಜಿನ್ ಸ್ಟಾರ್ಟ್‌ನಲ್ಲಿದ್ದಾಗ. ಫ್ರಿಜ್ ನೋಡಲು ಸಾಧು, ಆದರೆ ರಾತ್ರಿಯಿಡೀ ಬಿಟ್ಟು ಬಿಟ್ಟು ಓಡುತ್ತಲೇ ಇರುತ್ತದೆ. ಮೂರನೇ ಒಂದು ಭಾಗದಿಂದ ಅರ್ಧದಷ್ಟು ಹೊತ್ತು ಓಡಿದರೂ 10 ಗಂಟೆಯಲ್ಲಿ 15ರಿಂದ 25 ಆಂಪಿಯರ್ ಅವರ್ (ಆಂಪಿಯರ್ ಗುಣಿಸು ಗಂಟೆ) ಖಾಲಿ. ಜೊತೆಗೆ ಕ್ಯಾಂಪಿನ ಲೈಟು, ಮೊಬೈಲ್ ಚಾರ್ಜಿಂಗ್ ಸೇರಿದರೆ 30 ಅಂತಿಟ್ಟುಕೊಳ್ಳಿ.

ಈಗ ಬ್ಯಾಟರಿ ಕಡೆ ನೋಡಿ. ಮೇಲೆ 60 ಆಂಪಿಯರ್ ಅವರ್ ಅಂತ ಬರೆದಿದ್ದರೂ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ತೆಗೆದರೆ ಅದರ ಆಯಸ್ಸು ಬೇಗ ಕಮ್ಮಿಯಾಗುತ್ತದೆ. ಅಂದರೆ ನಿಮ್ಮ ಕೈಯಲ್ಲಿರುವುದು 30. ಅದೂ ಬ್ಯಾಟರಿ ಹೊಸದಾಗಿದ್ದು, ಪೂರ್ತಿ ಚಾರ್ಜ್ ಆಗಿದ್ದರೆ. ಇದರ ಮೇಲೆ ಸ್ಟಾರ್ಟಿಂಗ್ ಬ್ಯಾಟರಿಯನ್ನು ಮಾಡಿರುವುದೇ ಬೇರೆ ಕೆಲಸಕ್ಕೆ. ಒಳಗೆ ತೆಳ್ಳನೆಯ ಪ್ಲೇಟುಗಳಿರುತ್ತವೆ, ಕೆಲವು ಸೆಕೆಂಡು ಜೋರಾಗಿ ಕರೆಂಟ್ ಕೊಟ್ಟು ಸುಮ್ಮನಾಗಬೇಕು ಅಷ್ಟೇ. ರಾತ್ರಿಯಿಡೀ ನಿಧಾನಕ್ಕೆ ಹಿಂಡಿದರೆ ಅದು ತಡೆಯುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಈ ಹಾಸಿಗೆ ನಿಜಕ್ಕೂ ಬಹಳ ಚಿಕ್ಕದು.

ಹಾಗಾದರೆ ದೊಡ್ಡ ಆಲ್ಟರ್ನೇಟರ್ ಇದ್ದರೆ ಹಗಲು ಬೇಗ ತುಂಬಿಸಬಹುದಲ್ಲ ಅಂತ ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಎಷ್ಟು ಬೇಗ ತುಂಬಬೇಕು ಅಂತ ನಿರ್ಧರಿಸುವುದು ಬ್ಯಾಟರಿ. ಲೆಡ್ ಆಸಿಡ್ ಬ್ಯಾಟರಿ ಮುಕ್ಕಾಲು ಭಾಗದ ತನಕ ಗಬಗಬ ಅಂತ ಕುಡಿಯುತ್ತದೆ, ಆಮೇಲೆ ಕರೆಂಟ್ ಇಳಿಸುತ್ತಾ ಹೋಗುತ್ತದೆ, ಕೊನೆಯ ಐದನೇ ಒಂದು ಭಾಗ ತುಂಬಲು ಗಂಟೆಗಟ್ಟಲೆ ಬೇಕು. ಕ್ಯಾಂಪಿನಿಂದ ಅರ್ಧ ಗಂಟೆ ಗಾಡಿ ಓಡಿಸಿ ಇನ್ನೊಂದು ಕಡೆ ನಿಲ್ಲಿಸಿದರೆ, ಪಕ್ಕದಲ್ಲಿ ಎಂಥ ಆಲ್ಟರ್ನೇಟರ್ ಇದ್ದರೂ ಬ್ಯಾಟರಿ ಪೂರ್ತಿ ತುಂಬುವುದಿಲ್ಲ. ಎರಡನೇ ರಾತ್ರಿ ಕೈಕೊಡುವುದು ಇದೇ ಕಾರಣಕ್ಕೆ.

ಖರ್ಚು ಮಾಡುವ ಮೊದಲು ಮಲ್ಟಿಮೀಟರ್ ಹಿಡಿದು ಒಂದು ಸಂಜೆ ಗಾಡಿ ಜೊತೆ ಕೂತುಕೊಳ್ಳಿ. ಕೆಲವು ಗಂಟೆ ನಿಂತ ಗಾಡಿಯಲ್ಲಿ ಬ್ಯಾಟರಿ 12.6 ವೋಲ್ಟ್ ಅಥವಾ ಮೇಲಿದ್ದರೆ ತುಂಬಿದೆ ಅಂತ ಅರ್ಥ. 12.2 ಅಂದರೆ ಅರ್ಧ. 12.0ಕ್ಕೆ ಬಂದಿದ್ದರೆ ಕಾಲು ಭಾಗ ಉಳಿದಿರಬಹುದು. ಇಂಜಿನ್ ಸ್ಟಾರ್ಟ್ ಮಾಡಿದಾಗ ಸಾಮಾನ್ಯವಾಗಿ 13.8ರಿಂದ 14.4 ಬರಬೇಕು. ಆಮೇಲೆ ಹೆಡ್‌ಲೈಟ್, ಲೈಟ್ ಬಾರ್, ಎಸಿ ಬ್ಲೋಯರ್, ಫ್ರಿಜ್ ಎಲ್ಲ ಹಾಕಿ, ಆಕ್ಸಿಲರೇಟರ್ ಒತ್ತದೆ ಐಡ್ಲಿಂಗ್‌ನಲ್ಲೇ ಮತ್ತೆ ನೋಡಿ. 13ಕ್ಕಿಂತ ಕೆಳಗೆ ಇಳಿಯುತ್ತಿದ್ದರೆ ಆಲ್ಟರ್ನೇಟರ್ ಸಾಲದೆ ಬ್ಯಾಟರಿಯೂ ಕೈಜೋಡಿಸಿದೆ ಅಂತ. 100 ಆಂಪಿಯರ್ ಅನ್ನುವುದು ಆಲ್ಟರ್ನೇಟರ್ ಜೋರಾಗಿ ತಿರುಗುವಾಗಿನ ಮಾತು, ಐಡ್ಲಿಂಗ್‌ನಲ್ಲಿ ಬಿಸಿಯಾಗಿರುವಾಗ ಅದರ ಅರ್ಧ ಬಂದರೆ ದೊಡ್ಡದು, ಅದರಲ್ಲೂ ಹೆಚ್ಚಿನ ಪಾಲನ್ನು ಗಾಡಿಯ ಸ್ವಂತ ಕೆಲಸಗಳೇ ತಿಂದುಬಿಡುತ್ತವೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿ 1500 ಆರ್‌ಪಿಎಂಗೆ ತಂದರೆ ವೋಲ್ಟೇಜ್ ಮೇಲೇರುತ್ತದೆಯಾ ನೋಡಿ. ಏರಿದರೆ ಆಲ್ಟರ್ನೇಟರ್ ಚೆನ್ನಾಗೇ ಇದೆ.

ಇನ್ನು ಮುಂದಿನ ಪರೀಕ್ಷೆ. ನನ್ನ ಗಾಡಿಯಲ್ಲಿ ಕಳ್ಳ ಸಿಕ್ಕಿದ್ದು ಇಲ್ಲೇ. ನನ್ನ ಫ್ರಿಜ್ ಹಿಂದಿನ ಡಿಕ್ಕಿಯಲ್ಲಿದೆ. ಬ್ಯಾಟರಿಯಲ್ಲಿ 12.5 ಇದ್ದರೂ ಫ್ರಿಜ್ ವೋಲ್ಟೇಜ್ ಕಮ್ಮಿ ಅಂತ ತಾನೇ ಆಫ್ ಆಗುತ್ತಿತ್ತು. ಫ್ರಿಜ್ ಓಡುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಉದ್ದ ವೈರ್ ಕಟ್ಟಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಫ್ರಿಜ್ ಸಾಕೆಟ್ಟಿನ ಮೈನಸ್‌ಗೆ ಇಟ್ಟೆ. ಎರಡೂ ಮೈನಸ್ಸೇ, ಸೊನ್ನೆಯ ಹತ್ತಿರ ತೋರಿಸಬೇಕು. 0.8 ವೋಲ್ಟ್ ತೋರಿಸಿತು. ಮೈನಸ್ ವೈರನ್ನು ಬಾಡಿಗೆ ಸೇರಿಸುವ ಅರ್ಥಿಂಗ್ ಬೋಲ್ಟ್ ಬಿಚ್ಚಿದೆ. ಲಗ್ಗಿನ (ವೈರಿನ ತುದಿಯ ಲೋಹದ ಬಳೆ) ಕೆಳಗೆ ಬಾಡಿಯ ಪೇಂಟ್ ಹಾಗೇ ಇತ್ತು, ಬೋಲ್ಟಿನ ಸುತ್ತ ಉಂಗುರದ ಹಾಗೆ ಕಂದು ತುಕ್ಕು, ಲಗ್ ಒಂದು ಬದಿ ಬಿಸಿಗೆ ನೀಲಿಗಟ್ಟಿತ್ತು. ಇಷ್ಟು ದಿನ ಕರೆಂಟ್ ಬೋಲ್ಟಿನ ಎಳೆಗಳ ಮೂಲಕ ಮಾತ್ರ ನುಸುಳಿಕೊಂಡು ಹೋಗುತ್ತಿತ್ತು. ಉಪ್ಪುಕಾಗದದಲ್ಲಿ ತಗಡು ಹೊಳೆಯುವ ತನಕ ಉಜ್ಜಿ, ಹೊಸ ಲಗ್ ಹಾಕಿ ಬಿಗಿ ಮಾಡಿ, ಮೇಲೆ ಗ್ರೀಸ್ ಹಚ್ಚಿದೆ. ಮೀಟರ್ 0.1ಕ್ಕೆ ಇಳಿಯಿತು. ಆ ರಾತ್ರಿ ಫ್ರಿಜ್ ಒಮ್ಮೆಯೂ ಆಫ್ ಆಗಲಿಲ್ಲ. ಪ್ಲಸ್ ಕಡೆಯೂ ಇದೇ ಥರ ಅಳೆಯಿರಿ, ಎರಡೂ ಸೇರಿ ಅರ್ಧ ವೋಲ್ಟಿಗಿಂತ ಜಾಸ್ತಿ ಕಳೆದುಹೋಗುತ್ತಿದ್ದರೆ ವೈರಿಂಗ್ ಸರಿಮಾಡಿ.

ವೈರಿನ ದಪ್ಪವನ್ನು ಜನ ಬಹಳ ಹಗುರವಾಗಿ ತೆಗೆದುಕೊಳ್ಳುತ್ತಾರೆ, ನನಗೆ ಇದರ ಬಗ್ಗೆ ನಿಜವಾಗಿಯೂ ಬೇಜಾರಿದೆ. 2.5 ಚದರ ಮಿಲಿಮೀಟರ್ ತಾಮ್ರದ ವೈರನ್ನು 5 ಮೀಟರ್ ಎಳೆದು 15 ಆಂಪಿಯರ್ ಹರಿಸಿದರೆ, ಹೋಗಿಬರುವ ದಾರಿ ಸೇರಿ ಸುಮಾರು 1 ವೋಲ್ಟ್ ದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ. 6 ಚದರ ಮಿಲಿಮೀಟರ್ ಹಾಕಿದರೆ ಅದು 0.4ಕ್ಕೆ ಇಳಿಯುತ್ತದೆ. ಇದಕ್ಕಿಂತ ದೊಡ್ಡ ವಿಷಯ ಫ್ಯೂಸ್. ಫ್ಯೂಸ್ ಇರುವುದು ವೈರನ್ನು ಕಾಪಾಡಲಿಕ್ಕೆ, ಹಾಗಾಗಿ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಅದು ಇರಲೇಬೇಕು. ಫ್ರಿಜ್ ಹತ್ತಿರ ಫ್ಯೂಸ್ ಹಾಕಿ ನಡುವಿನ 5 ಮೀಟರ್ ವೈರ್ ಎಲ್ಲೋ ತಗಡಿಗೆ ಉಜ್ಜಿ ಶಾರ್ಟ್ ಆದರೆ ಆ ಫ್ಯೂಸಿಗೆ ಗೊತ್ತೇ ಆಗುವುದಿಲ್ಲ, ಗಾಡಿಗೆ ಬೆಂಕಿ ಹತ್ತುತ್ತದೆ. ಲೈಟ್ ಬಾರ್ ಅನ್ನು ರಿಲೇ (ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್) ಮೂಲಕವೇ ಹಾಕಿಸಿ, ಕಂಪನಿ ವೈರಿಂಗ್ ಸಿಪ್ಪೆ ಸುಲಿದು ಅದಕ್ಕೆ ಸುತ್ತಿಸಬೇಡಿ.

ಕ್ಯಾಂಪ್ ಇಲ್ಲದೆ ಸುಮ್ನೆ ಮನೆ ಮುಂದೆ ನಿಂತಾಗಲೂ ಬ್ಯಾಟರಿ ಇಳಿಯುತ್ತಿದ್ದರೆ ಅದು ಲೀಕೇಜ್. ಎಲ್ಲ ಆಫ್ ಮಾಡಿ, ಬಾಗಿಲು ಮುಚ್ಚಿ, ಅರ್ಧ ಮುಕ್ಕಾಲು ಗಂಟೆ ಬಿಟ್ಟು ಬ್ಯಾಟರಿಯಿಂದ ಹೋಗುವ ಕರೆಂಟ್ ಅಳೆಯಿರಿ, ಗಾಡಿಯ ಕಂಪ್ಯೂಟರುಗಳು ನಿದ್ದೆಗೆ ಹೋಗಲು ಅಷ್ಟು ಹೊತ್ತು ಬೇಕು. 50 ಮಿಲಿಆಂಪಿಯರ್ ಒಳಗಿದ್ದರೆ ಸರಿ. ಅರ್ಧ ಆಂಪಿಯರ್ ಇದ್ದರೆ ದಿನಕ್ಕೆ 12 ಆಂಪಿಯರ್ ಅವರ್, ಐದು ದಿನಕ್ಕೆ ನಿಮ್ಮ ಬ್ಯಾಟರಿ ಪೂರ್ತಿ ಖಾಲಿ. ಪಾರ್ಕಿಂಗ್ ಮೋಡ್‌ನ ಡ್ಯಾಶ್‌ಕ್ಯಾಮ್, ಆನ್ ಬಿಟ್ಟ ಇನ್ವರ್ಟರ್ ಇಂಥವನ್ನು ಮೊದಲು ನೋಡಿ.

ವಿಂಚ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 4 ಟನ್ ಆಸುಪಾಸಿನ ವಿಂಚ್ ಪೂರ್ತಿ ಭಾರದಲ್ಲಿ ಸುಮಾರು 400 ಆಂಪಿಯರ್ ಎಳೆಯುತ್ತದೆ. ಇದನ್ನು ಯಾವ ಆಲ್ಟರ್ನೇಟರ್ ಕೊಡುತ್ತದೆ? ವಿಂಚ್ ಎಳೆಯುವುದು ಬ್ಯಾಟರಿಯಿಂದಲೇ, ಆಲ್ಟರ್ನೇಟರ್ ಹಿಂದಿನಿಂದ ತುಂಬುತ್ತಾ ಬರುತ್ತದೆ ಅಷ್ಟೇ. ಒಂದು ನಿಮಿಷ ಎಳೆದರೆ ಹೆಚ್ಚುಕಮ್ಮಿ 7 ಆಂಪಿಯರ್ ಅವರ್ ಹೋಯಿತು, ಆಲ್ಟರ್ನೇಟರಿನಲ್ಲಿ 40 ಆಂಪಿಯರ್ ಮಿಕ್ಕಿದ್ದರೆ ಅದು ವಾಪಸ್ ಬರಲು 10 ನಿಮಿಷಕ್ಕಿಂತ ಜಾಸ್ತಿ ಬೇಕು. ಹಾಗಾಗಿ ಇಂಜಿನ್ ಓಡುತ್ತಿರಲಿ, ಆರ್‌ಪಿಎಂ ಸ್ವಲ್ಪ ಮೇಲಿರಲಿ, ಲೈಟ್ ಬಾರ್, ಎಸಿ ಆಫ್ ಮಾಡಿ, ಸ್ವಲ್ಪ ಎಳೆದು ನಿಲ್ಲಿಸಿ ಮತ್ತೆ ಎಳೆಯಿರಿ. ಸ್ನ್ಯಾಚ್ ಬ್ಲಾಕ್ (ರಾಟೆ) ಹಾಕಿ ಹಗ್ಗವನ್ನು ಎರಡು ಮಡಿಕೆ ಮಾಡಿದರೆ ವಿಂಚಿನ ಮೇಲಿನ ಭಾರ ಹತ್ತಿರಹತ್ತಿರ ಅರ್ಧವಾಗುತ್ತದೆ, ಕರೆಂಟೂ ಅದಕ್ಕೆ ತಕ್ಕ ಹಾಗೆ ಇಳಿಯುತ್ತದೆ.

ಇದೆಲ್ಲ ಆದಮೇಲೂ ಎರಡು ಮೂರು ರಾತ್ರಿ ಹೊರಗೆ ಇರುವವರು ನೀವಾದರೆ ಎರಡನೇ ಬ್ಯಾಟರಿ ಹಾಕಿಸಿ. ಡೀಪ್ ಸೈಕಲ್ ಬ್ಯಾಟರಿ (ನಿಧಾನಕ್ಕೆ ಬಹಳ ಹೊತ್ತು ಕರೆಂಟ್ ಕೊಡಲೆಂದೇ ಮಾಡಿದ್ದು), ಫ್ರಿಜ್ ಮತ್ತು ಕ್ಯಾಂಪ್ ಲೈಟ್ ಅದರ ಮೇಲೆ ಮಾತ್ರ, ಸ್ಟಾರ್ಟಿಂಗ್ ಬ್ಯಾಟರಿಯನ್ನು ರಾತ್ರಿ ಯಾರೂ ಮುಟ್ಟಬಾರದು. ಹಳೆಯ ಗಾಡಿಯಾದರೆ ಎರಡರ ನಡುವೆ ವೋಲ್ಟೇಜ್ ನೋಡಿ ಕೂಡಿಸುವ ರಿಲೇ ಸಾಕು, ಅದು 13.3 ಆಸುಪಾಸಿಗೆ ಕೂಡಿಸಿ 12.8ಕ್ಕೆ ಬಿಡಿಸುತ್ತದೆ. ಈಚಿನ ಗಾಡಿಗಳಲ್ಲಿ ಮಾತ್ರ ಇದು ನಡೆಯುವುದಿಲ್ಲ. ಸ್ಮಾರ್ಟ್ ಆಲ್ಟರ್ನೇಟರ್ ಇದ್ದರೆ ಇಂಧನ ಉಳಿಸಲು ಓಡುವಾಗಲೇ ವೋಲ್ಟೇಜ್ ಇಳಿಸಿಬಿಡುತ್ತದೆ, ರಿಲೇ ಇಂಜಿನ್ ಆಫ್ ಆಯಿತು ಅಂದುಕೊಂಡು ಬಿಡಿಸುತ್ತದೆ, ಎರಡನೇ ಬ್ಯಾಟರಿ ಹಸಿದೇ ಇರುತ್ತದೆ. ಅಂಥ ಗಾಡಿಗೆ ಡಿಸಿ ಟು ಡಿಸಿ ಚಾರ್ಜರ್ (ಆಲ್ಟರ್ನೇಟರಿನ ವೋಲ್ಟೇಜ್ ಏರಿಳಿದರೂ ಎರಡನೇ ಬ್ಯಾಟರಿಗೆ ಸರಿಯಾದ ವೋಲ್ಟೇಜ್ ಕೊಡುವ ಸಾಧನ) ಬೇಕು. ಲಿಥಿಯಂ ಬ್ಯಾಟರಿ ಹಾಕಿಸಿದರೂ ಅದೇ ಬೇಕು. ನೇರವಾಗಿ ಕೂಡಿಸಿದರೆ ಲಿಥಿಯಂ ಸಿಕ್ಕಷ್ಟು ಕರೆಂಟ್ ಎಳೆಯುತ್ತದೆ, ಐಡ್ಲಿಂಗ್‌ನಲ್ಲಿ ಆಲ್ಟರ್ನೇಟರಿನ ಫ್ಯಾನ್ ನಿಧಾನ ತಿರುಗುವುದರಿಂದ ತಣ್ಣಗಾಗದೆ ಸುಟ್ಟುಹೋಗಬಹುದು. ನಿಮ್ಮ ಅಳತೆಗೆ 25 ಆಂಪಿಯರ್ ಚಾರ್ಜರ್ ಸಾಕು, 100ರ ಆಲ್ಟರ್ನೇಟರ್ ಓಡುವಾಗ ಅದನ್ನು ಆರಾಮಾಗಿ ಹೊರುತ್ತದೆ.

ಬ್ಯಾಟರಿಯ ಮೈನಸ್ ಟರ್ಮಿನಲ್ ಮೇಲೆ ಚಿಕ್ಕ ಸೆನ್ಸರ್ ಡಬ್ಬಿ ಇದ್ದರೆ ಹೊಸ ಸಾಮಾನುಗಳ ಮೈನಸ್ ಅನ್ನು ಆ ಟರ್ಮಿನಲ್‌ಗೇ ಕೊಡಿಸಬೇಡಿ, ಚಾಸಿಗೆ (ಗಾಡಿಯ ಲೋಹದ ಚೌಕಟ್ಟಿಗೆ) ಕೊಡಿಸಿ. ಇಲ್ಲದಿದ್ದರೆ ಆ ಕರೆಂಟ್ ಸೆನ್ಸರಿನ ಲೆಕ್ಕಕ್ಕೆ ಬರುವುದಿಲ್ಲ, ಬ್ಯಾಟರಿ ತುಂಬಿದೆ ಅಂತ ಗಾಡಿ ತಪ್ಪು ತಿಳಿದು ಚಾರ್ಜಿಂಗ್ ಕಮ್ಮಿ ಮಾಡುತ್ತದೆ.

ಫ್ರಿಜ್ಜಿನ ಬ್ಯಾಟರಿ ಕಟ್‌ಆಫ್ ಸೆಟ್ಟಿಂಗ್ ಇವತ್ತೇ ಹೈಗೆ ಹಾಕಿಬಿಡಿ, ಬಹಳ ಜನ ಅದನ್ನು ಲೋದಲ್ಲೇ ಬಿಟ್ಟಿರುತ್ತಾರೆ. ಹೈಯಲ್ಲಿಟ್ಟರೆ ಫ್ರಿಜ್ ಮುಂಚೆಯೇ ಆಫ್ ಆಗುತ್ತದೆ, ಬೆಳಿಗ್ಗೆ ಸೆಲ್ಫ್ ಹೊಡೆಯಲು ಚಾರ್ಜ್ ಉಳಿದಿರುತ್ತದೆ. ಮೀಟರಿನಲ್ಲಿ ಬಂದ ಅಂಕಿಗಳನ್ನು ಬರೆದಿಟ್ಟು ಇಲ್ಲೇ ಹಾಕಿ, ಗಾಡಿ ಯಾವ ವರ್ಷದ್ದು ಅಂತಲೂ ತಿಳಿಸಿ, ನೋಡಿ ಹೇಳುತ್ತೇನೆ.